ಮೂತ್ರ ಡಿಕಾಕ್ಷನ್ ಬಣ್ಣವಾದರೆ



ಮಾಗಡಿ ಸೀಮೆಯಲ್ಲಿ ಮೂತ್ರದ ಬಣ್ಣ ಬದಲಾದರೆ ಮೊದಲು ಬರುವ ಮಾತು ‘ಉಷ್ಣ ಆಗಿದೆ, ಎಳನೀರು ಕುಡಿ’. ಬರೀ ಹಳದಿಯಾಗಿದ್ದರೆ ಸರಿಯೇ. ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾದರೆ ಎಳನೀರು ಸಾಲದು, ರಕ್ತಕಣಗಳು ಒಡೆಯುತ್ತಿರಬಹುದು.

ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅದರೊಳಗಿನ ಹಿಮೋಗ್ಲೋಬಿನ್ ಒಳಗಿದ್ದರೆ ನಮಗೆ ಉಸಿರು, ಹೊರಗೆ ಚೆಲ್ಲಿದರೆ ಕಿಡ್ನಿಗೆ ಕಂಟಕ. ಚೆಲ್ಲಿದ್ದನ್ನು ಹಿಡಿಯಲೆಂದೇ ಲಿವರ್ ತಯಾರಿಸುವ ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತದ ದ್ರವಭಾಗದಲ್ಲಿದೆ. 1938ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದನ್ನು ಗುರುತಿಸಿದರು. ಒಕ್ಕಣೆಯಲ್ಲಿ ಚೆಲ್ಲಿದ ರಾಗಿಯನ್ನು ಗುಡಿಸಿ ಮೊರಕ್ಕೆ ತುಂಬುವಂತೆ, ಇದು ಹಿಮೋಗ್ಲೋಬಿನ್ನನ್ನು ಬಿಗಿಯಾಗಿ ಹಿಡಿದು ಲಿವರ್, ಗುಲ್ಮಗಳಿಗೆ ಒಪ್ಪಿಸುತ್ತದೆ. ಅದರ ಕಬ್ಬಿಣ ಹೊಸ ರಕ್ತಕ್ಕೆ ಮರಳುತ್ತದೆ. ಬಿಡಿಯಾಗಿ ಉಳಿದ ಹೀಮನ್ನು ಹಿಮೋಪೆಕ್ಸಿನ್ ಎಂಬ ಇನ್ನೊಂದು ಪ್ರೋಟೀನ್ ಹಿಡಿಯುತ್ತದೆ.

ಹಿಡಿದುಕೊಂಡು ಹೋದ ಹ್ಯಾಪ್ಟೋಗ್ಲೋಬಿನ್ ಮಾತ್ರ ಮರಳಿ ಬರುವುದಿಲ್ಲ. ಗುಂಪು ಹೊಂದದ ರಕ್ತ ಸೇರಿದಾಗ, ತೀವ್ರ ಮಲೇರಿಯಾದಲ್ಲಿ, ಜಿ6ಪಿಡಿ ಕೊರತೆಯವರು ಪ್ರಿಮಾಕ್ವಿನ್ ನುಂಗಿದಾಗ ಕಣಗಳು ಒಮ್ಮೆಲೇ ಒಡೆದರೆ ಅದು ಖಾಲಿಯಾಗಿ, ಕೆಂಪು ಮೂತ್ರಕ್ಕೆ ಇಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆಯಲ್ಲಂತೂ ಅದು ಸಾಮಾನ್ಯವಾಗಿ ಕಡಿಮೆಯೇ. ವೈದ್ಯರು ಹ್ಯಾಪ್ಟೋಗ್ಲೋಬಿನ್ ಪರೀಕ್ಷೆ ಬರೆದರೆ ಖರ್ಚಿನ ಬಾಬ್ತು ಎಂದುಕೊಳ್ಳಬೇಡಿ; ಕಣ ಒಡೆಯುತ್ತಿದೆಯೇ ಎಂದು ತಿಳಿಯಲು ಅದು ಬೇಕು.

ರಕ್ತ ಏರಿಸುವಾಗ ಪಕ್ಕದಲ್ಲಿ ಕೂರುವ ತಾಯಂದಿರೇ, ಅಣ್ಣಂದಿರೇ, ಮೊದಲ 15 ನಿಮಿಷ ಎದ್ದು ಹೋಗಬೇಡಿ. ಆಗಲಿ, ಆಮೇಲಾಗಲಿ, ಚಳಿ, ಜ್ವರ, ಸೊಂಟನೋವು, ಏದುಸಿರು, ಕಪ್ಪು ಮೂತ್ರ ಯಾವುದು ಕಂಡರೂ ತಕ್ಷಣ ಸಿಸ್ಟರನ್ನು ಕೂಗಿ. ರಾತ್ರಿ ಎರಡು ಗಂಟೆಯಾಗಿದ್ದರೂ ಸಂಕೋಚ ಬೇಡ. ಆ ಮೂತ್ರವನ್ನು ಚೆಲ್ಲದೆ ಅವರಿಗೆ ತೋರಿಸಿ.