ನನಗೆಂತ ಗೊತ್ತುಂಟು?
(ನಿಟ್ಟೆಯ ಮಹಿಳಾ ಸಭೆಯೊಂದರಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ನಿಟ್ಟೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1986ರಲ್ಲಿ. ಅದೇ ವರ್ಷ ಭಾರತೀಯ ದಂಡ ಸಂಹಿತೆಗೆ 304-ಬಿ ಕಲಮು ಸೇರಿ ‘ವರದಕ್ಷಿಣೆ ಸಾವು’ ಪ್ರತ್ಯೇಕ ಅಪರಾಧವಾಯಿತು. ಈ ಎರಡು ಸಂಗತಿಗಳನ್ನು ನಾನು ಬೇರೆಬೇರೆಯಾಗಿ ನೋಡಲಾರೆ. ಹೆಣ್ಣುಮಕ್ಕಳು ಕಲಿತರೆ ವರದಕ್ಷಿಣೆ ತಾನಾಗಿ ಹೋಗುತ್ತದೆಂದು ನಂಬಿದ್ದೆವು. ಹೆಣ್ಣುಮಕ್ಕಳು ಕಲಿತರು. ವರದಕ್ಷಿಣೆ ‘ಉಡುಗೊರೆ’ ಎಂಬ ಹೊಸ ಹೆಸರಿಟ್ಟುಕೊಂಡು ಉಳಿಯಿತು.

ಹೆಣ್ಣು ನೋಡುವ ದಿನದ ಮಾತುಗಳನ್ನು ಕಿವಿಗೊಟ್ಟು ಕೇಳಿ. “ನಮ್ಮ ಹುಡುಗ ಬಹಳ ಬುದ್ಧಿವಂತ” ಎಂದು ಗಂಡಿನ ಕಡೆಯವರು ಹೇಳಿದರೆ ಅದು ಜಂಬವಲ್ಲ, ಎಷ್ಟು ಪವನು ಎಂಬ ಲೆಕ್ಕಕ್ಕೆ ಪೀಠಿಕೆ. ಹುಡುಗಿಗೂ ಅಷ್ಟೇ ಅಂಕ ಬಂದಿದ್ದರೆ ತಾಯಿ ಹೇಳುವುದೇನು? “ಕಲಿತಿದ್ದಾಳೆ, ಆದರೆ ಅಹಂಕಾರ ಇಲ್ಲ. ಪಾಪದವಳು.” ಆ ‘ಆದರೆ’ ಏಕೆ ಬೇಕು? ವಂಶವನ್ನು ಹೆಣ್ಣಿನ ಕಡೆಯಿಂದ ಎಣಿಸುತ್ತಿದ್ದ ಅಳಿಯಸಂತಾನದ ಸೀಮೆಯಲ್ಲೂ (ಯಜಮಾನಿಕೆ ಹೆಚ್ಚಾಗಿ ಗಂಡಸರದೇ ಆಗಿತ್ತು, ಅದು ಬೇರೆ ಮಾತು) ಹೆಣ್ಣಿನ ಬುದ್ಧಿಗೆ ಹೀಗೆ ಸಮಜಾಯಿಷಿ ಕೊಡಬೇಕಾಗಿದೆ.

ಬೀಡಿ ಕಟ್ಟುವವರು ಇಲ್ಲಿ ಹಲವರಿದ್ದೀರಿ. ಬ್ರಾಂಚಿನಲ್ಲಿ ಎಲೆ ತೂಕಕ್ಕೆ ಕಡಿಮೆ ಬಂದರೆ, ಒಳ್ಳೆಯ ಬೀಡಿಯನ್ನು ತಿರಸ್ಕರಿಸಿ ಬದಿಗೆ ಹಾಕಿದರೆ, ಬಾಯಿಲೆಕ್ಕದಲ್ಲೇ ಜಗಳವಾಡಿ ಗೆದ್ದು ಬರುತ್ತೀರಿ. ಅದೇ ಹೆಂಗಸು ಪೆಟ್ಟು ತಿಂದು ಠಾಣೆಗೆ ಬಂದರೆ ಮೊದಲ ಮಾತು, “ನನಗೆಂತ ಗೊತ್ತುಂಟು, ನೀವೇ ಬರೆಯಿರಿ.” ಬರೆಯುವವರು ಬರೆಯುತ್ತಾರೆ: ‘ಸಂಸಾರದಲ್ಲಿ ವಿರಸ’ ಎಂದು ಎರಡು ಸಾಲು. ಎಷ್ಟು ಪವನು ಕೇಳಿದರು, ಯಾವ ದಿನ ಕೇಳಿದರು, ಯಾರ ಎದುರು ಕೇಳಿದರು, ಒಡವೆ ಈಗ ಯಾರ ಕೈಯಲ್ಲಿದೆ? ಇದೆಲ್ಲ ಅವಳಿಗೆ ತಾರೀಖಿನ ಸಮೇತ ನೆನಪಿರುತ್ತದೆ. ಕಾಗದದ ಮೇಲೆ ಮಾತ್ರ ಬರುವುದಿಲ್ಲ. ನಾಳೆ ವಕೀಲರು “ಆಗಲೇ ಯಾಕೆ ಹೇಳಲಿಲ್ಲ?” ಎಂದು ಕೇಳುವುದು ಇದನ್ನೇ. ವಿನಯ ಎಂದು ನಮಗೆ ಕಲಿಸಿದ್ದು ಸಾಕ್ಷ್ಯವನ್ನು ಹೀಗೆ ತಿಂದುಹಾಕುತ್ತದೆ.

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಸರಿ, ತುಳುಕುವುದು ಬೇಡ. ಕೊಡದಲ್ಲಿ ಎಷ್ಟು ನೀರಿದೆ ಎಂದು ಕೇಳಿದರೆ ಹೊತ್ತವಳು ಹೇಳಬಾರದೇ? “ನಾನೇ ಎಲ್ಲರಿಗಿಂತ ಜಾಣೆ” ಎನ್ನುವುದು ಅಹಂಕಾರ. “ಈ ಲೆಕ್ಕ ನನಗೆ ಬರುತ್ತದೆ, ಇದು ಬರುವುದಿಲ್ಲ, ಕಲಿಸಿಕೊಡಿ” ಎನ್ನುವುದು ವಿನಯ. ಅಲ್ಲಿ ಸುಳ್ಳಿಲ್ಲ. ಬರುವುದನ್ನು ಬಾರದೆನ್ನುವುದು ಸುಳ್ಳೇ.

ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿಯ ಊಳಿಗ ಮಾಡುತ್ತಿದ್ದ ಹೊನ್ನಮ್ಮ 17ನೇ ಶತಮಾನದಲ್ಲೇ ಕಾವ್ಯ ಬರೆದಳು. ‘ಹದಿಬದೆಯ ಧರ್ಮ’ ಪತಿವ್ರತೆಯ ಧರ್ಮ ಹೇಳುವ ಪುಸ್ತಕ, ಅದರ ಎಲ್ಲ ಮಾತನ್ನು ನಾವು ಒಪ್ಪಬೇಕಾಗಿಲ್ಲ. ಆದರೂ ಹೆಣ್ಣೆಂದು ಹೀಗಳೆಯುವವರನ್ನು ಅವಳು ಅಲ್ಲೇ ನೇರವಾಗಿ ಪ್ರಶ್ನಿಸಿದಳು. ಊಳಿಗದವಳಿಗೆ ಇದೆಲ್ಲ ಯಾಕೆ ಎಂದುಕೊಂಡು ಸುಮ್ಮನಿದ್ದಿದ್ದರೆ ಆ ಪ್ರಶ್ನೆ ನಮ್ಮವರೆಗೆ ಬರುತ್ತಿರಲಿಲ್ಲ.

ಈಗ ಕೆಲಸದ ಮಾತು. ದಂಡ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವರದಕ್ಷಿಣೆ ಸಾವು ಈಗ 80ನೇ ಕಲಮು, ಗಂಡ ಮತ್ತು ಅವನ ಕಡೆಯವರ ಕ್ರೌರ್ಯ 85. ಕೊಟ್ಟವರಿಗೂ ಶಿಕ್ಷೆ ಎಂದು ಹೆದರಿಸುತ್ತಾರೆ. ಆದರೆ ನೊಂದವಳು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವಳ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ. ವರದಕ್ಷಿಣೆ ನಿಷೇಧ ಕಾಯಿದೆಯ 7ನೇ ಕಲಮು ನೋಡಿ. ಮದುವೆಯ ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂದು 1985ರ ನಿಯಮ ಹೇಳುತ್ತದೆ. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರ ಸಂಬಂಧವೇನು ಎಂದು ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ವಧುವಿನ ಪಟ್ಟಿ ವಧುವಿನ ಬಳಿಯೇ ಇರಬೇಕು.

ಮದುವೆಯಾಗಿ ವರ್ಷಗಳಾದವರು ನೆನಪಿನಿಂದ ಬರೆಯಿರಿ. ಅದಕ್ಕೆ ಸಹಿಯ ಬಲವಿಲ್ಲ, ಆದರೆ ಹೇಳಿಕೆ ಕೊಡುವಾಗ ತಡವರಿಸದಂತೆ ನೆರವಾಗುತ್ತದೆ. ಅಂಗಡಿಯ ರಸೀದಿ, ಮದುವೆಯ ಫೋಟೋ ಇದ್ದರೆ ತೆಗೆದಿಡಿ. ಬರೆಯಲು ಬಾರದವರು ಕಾಲೇಜಿನ ಹುಡುಗಿಯರ ಪಕ್ಕ ಕುಳಿತುಕೊಳ್ಳಿ. ನೀವು ಹೇಳಿ, ಅವರು ಬರೆಯಲಿ. ಹೇಳಿದಂತೆಯೇ ಬರೆದರೋ ಎಂದು ಓದಿಸಿ ಕೇಳಿ. ಕಾಗದ ಹಂಚುತ್ತಿದ್ದಾರೆ, ಶುರು ಮಾಡೋಣ.