ದಂಡವೂ ದಯೆಯೂ

ಷೇಕ್ಸ್‌ಪಿಯರನ 'ವೆನಿಸ್ಸಿನ ವರ್ತಕ'ವನ್ನು ಪಾಠ ಹೇಳುವಾಗ ನಮಗೊಂದು ಅನುಭವವುಂಟು. ಪೋರ್ಷಿಯಾ ದಯೆಯನ್ನು ಕೊಂಡಾಡುವ ಮಾತಿಗೆ ವಿದ್ಯಾರ್ಥಿಗಳು ತಲೆದೂಗುತ್ತಾರೆ. ಆದರೆ ಮೊಕದ್ದಮೆಯನ್ನು ಗೆದ್ದುದು ದಯೆಯಲ್ಲ, ಪತ್ರದ ಅಕ್ಷರ. ಮಾಂಸವನ್ನು ಕೊಯ್ಯಬಹುದು, ರಕ್ತದ ಹನಿ ಬೀಳಕೂಡದೆಂಬ ಯುಕ್ತಿ. ದಂಡ ಬೇಕೆಂಬುದನ್ನು ಎಲ್ಲ ಜನಾಂಗಗಳೂ ಒಪ್ಪಿವೆ. ದಯೆಯನ್ನು ಎಲ್ಲಿ ಕುಳ್ಳಿರಿಸಬೇಕೆಂಬುದರಲ್ಲಿ ಅವುಗಳಿಗೆ ಭೇದ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಾನೂನು 200ಕ್ಕೂ ಹೆಚ್ಚು ಅಪರಾಧಗಳಿಗೆ ಮರಣದಂಡನೆಯನ್ನು ವಿಧಿಸುತ್ತಿದ್ದಿತು. ಮನೆಯೊಳಗಿಂದ 40 ಷಿಲಿಂಗಿನ ಸೊತ್ತು ಕದ್ದವನಿಗೂ ಗಲ್ಲು. ಇದಕ್ಕೆ ಮನಸ್ಸೊಪ್ಪದ ಪಂಚಾಯಿತರು ಎಷ್ಟೋ ಸಲ ಹೆಚ್ಚಿನ ಬೆಲೆಯ ಸೊತ್ತನ್ನೂ 39 ಷಿಲಿಂಗೆಂದು ನಿರ್ಣಯಿಸಿ ಕಳ್ಳನ ಪ್ರಾಣವನ್ನು ಉಳಿಸಿದರು. ಕಾನೂನಿನಲ್ಲಿ ದಯೆಗೆ ಎಡೆಯಿಲ್ಲದಿದ್ದರೆ ಒಳ್ಳೆಯವರೇ ಸುಳ್ಳಾಡಬೇಕಾಗುತ್ತದೆ.

ಅಶೋಕನು ಮರಣದಂಡನೆಯನ್ನು ರದ್ದು ಮಾಡಲಿಲ್ಲ. ಆದರೆ ತನ್ನ ನಾಲ್ಕನೆಯ ಸ್ತಂಭಶಾಸನದಲ್ಲಿ, ಮರಣಕ್ಕೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟನು. ಬಂಧುಗಳು ಪ್ರಾಣಭಿಕ್ಷೆಯನ್ನು ಬೇಡಬಹುದು. ಇಲ್ಲವೆ ಅಪರಾಧಿಯು ದಾನ ಉಪವಾಸಗಳಿಂದ ಪರಲೋಕಕ್ಕೆ ಸಿದ್ಧನಾಗಬಹುದು. ವಿಚಾರಣೆಯಲ್ಲಿಯೂ ದಂಡದಲ್ಲಿಯೂ ಸಮತೆಯಿರಬೇಕೆಂದೂ ಅಲ್ಲಿಯೇ ಹೇಳಿದನು. ಇಲ್ಲಿ ದಯೆ ಸುಳ್ಳಿನ ಮರೆಯಲ್ಲಿ ಬರಬೇಕಾಗಿಲ್ಲ, ಅದೇ ರಾಜಾಜ್ಞೆ.

ಹಾಗೆಂದು ನಾವು ದಯಾಳುಗಳು, ಅವರು ಕ್ರೂರಿಗಳು ಎಂದು ಬೀಗುವಂತಿಲ್ಲ. ನಮ್ಮ ಧರ್ಮಶಾಸ್ತ್ರಗಳು ಒಂದೇ ಅಪರಾಧಕ್ಕೆ ವರ್ಣವನ್ನು ನೋಡಿ ಬೇರೆ ಬೇರೆ ದಂಡವನ್ನು ಹೇಳಿದುವು. ಕಳವಿಗೆ ಗಲ್ಲು ವಿಧಿಸುತ್ತಿದ್ದ ಬ್ರಿಟನ್ನು 1965ರಲ್ಲಿ ಕೊಲೆಗೂ ಗಲ್ಲನ್ನು ನಿಲ್ಲಿಸಿತು. ಅಶೋಕನ ಸಿಂಹಗಳನ್ನು ಮುದ್ರೆಯಾಗಿ ಧರಿಸಿದ ನಮ್ಮ ರಾಷ್ಟ್ರವು ಅದನ್ನು ಇನ್ನೂ ಉಳಿಸಿಕೊಂಡಿದೆ. ಸಂಸ್ಕೃತಿಯೆಂಬುದು ರಕ್ತದಲ್ಲಿ ಬರುವುದಲ್ಲ, ಪ್ರತಿಯೊಂದು ತಲೆಮಾರೂ ಮತ್ತೆ ಆರಿಸಿಕೊಳ್ಳಬೇಕಾದುದು. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು 1995ರಲ್ಲಿ ಮರಣದಂಡನೆಯನ್ನು ತೊಡೆದುಹಾಕಿದಾಗ, ನ್ಯಾಯಾಧೀಶರಲ್ಲಿ ಹಲವರು 'ಉಬುಂಟು' ಎಂಬ ತಮ್ಮ ನಾಡಿನ ಭಾವನೆಯನ್ನು ಎತ್ತಿ ಹಿಡಿದರು. ಮನುಷ್ಯನು ಮನುಷ್ಯನಾಗುವುದು ಇತರ ಮನುಷ್ಯರಿಂದ ಎಂಬುದು ಅದರ ಸಾರ. ವರ್ಣಭೇದದ ಕ್ರೌರ್ಯವನ್ನು ಉಂಡ ಜನ ಆರಿಸಿಕೊಂಡ ಮಾತದು.

ದಯೆಯೆಂದರೆ ಅಪರಾಧವನ್ನು ಮರೆಯುವುದಲ್ಲ. ನೊಂದವನ ದುಃಖವೂ ಅದಕ್ಕೆ ವಿಷಯವೇ. ದಂಡಿಸುವ ಕೈ, ದಂಡಕ್ಕೊಳಗಾದವನೂ ಮನುಷ್ಯನೆಂಬುದನ್ನು ಮರೆಯಕೂಡದು, ಅಷ್ಟೆ.

ಅಶೋಕನು ಕಳಿಂಗದ ಅಧಿಕಾರಿಗಳಿಗೆಂದು ಬರೆಯಿಸಿದ ಶಾಸನಗಳ ಪ್ರತಿಯೊಂದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆಯಿತು. ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬಾರದು. ಅಸೂಯೆ, ಕ್ರೋಧ, ನಿಷ್ಠುರತೆ, ಆತುರ, ಆಲಸ್ಯಗಳನ್ನು ಅಧಿಕಾರಿ ಬಿಡಬೇಕು ಎಂಬುದು ಆ ಶಾಸನಗಳ ಬುದ್ಧಿವಾದ. ಇಂದು ಭಾರತದ ಸೆರೆಮನೆಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣೆ ಮುಗಿಯದವರು. ಅವರಿಗೆ ಬೇಕಾದುದು ಕ್ಷಮೆಯಲ್ಲ, ಹೊತ್ತಿಗೆ ಸರಿಯಾದ ವಿಚಾರಣೆ. ನಮ್ಮ ಪರಂಪರೆಯ ದಯೆಯನ್ನು ಹೊಗಳುವ ಮೊದಲು, ಅದು ಅವರ ಬಾಗಿಲವರೆಗೆ ಹೋಗಿದೆಯೇ ಎಂದು ನಾವು ಕೇಳಿಕೊಳ್ಳುವುದು ಒಳ್ಳೆಯದು.