ಹಿರಿಯರಿದ್ದಲ್ಲಿಗೆ ಹಾಡು ಹೋಗಲಿ

(ಗದಗ-ಬೆಟಗೇರಿಯ ಒಂದು ಓಣಿಯಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಕೆಲವರು ಪಾಳಿ ಮುಗಿಸಿ ಮನೆಗೂ ಹೋಗದೆ ಇಲ್ಲಿಗೆ ಬಂದಿದ್ದೀರಿ. ಕೆಲವರು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದಿದ್ದೀರಿ. ಆದ್ದರಿಂದ ಸುತ್ತಿ ಬಳಸಿ ಮಾತಾಡುವುದಿಲ್ಲ. ನಮ್ಮ ಓಣಿಗಳಲ್ಲಿ ಮನೆ ಹಿಡಿದು ಕುಳಿತ ವಯಸ್ಸಾದವರ ಎದುರಿಗೆ ಹೋಗಿ ಕುಳಿತು ಹಾಡುವ, ಬಾರಿಸುವ ಏರ್ಪಾಡು ಆಗಬೇಕು. ನನ್ನ ಮಾತು ಇಷ್ಟೇ. ಇದು ಏಕೆ ಬೇಕು, ಹೇಗೆ ಮಾಡಬೇಕು ಎಂಬುದನ್ನು ಹೇಳುವ ಮೊದಲು, ಹೇಗೆ ಮಾಡಬಾರದು ಎಂಬುದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ.

ಹೋದ ವರ್ಷ ನಾವು ಕೆಲವರು ಕೂಡಿ ಹಿರಿಯರಿಗಾಗಿ ಸಂಗೀತ ಕಾರ್ಯಕ್ರಮ ಇಟ್ಟುಕೊಂಡೆವು. ಪೆಂಡಾಲು ಹಾಕಿದೆವು, ಧ್ವನಿವರ್ಧಕ ಕಟ್ಟಿದೆವು, ಸಂಜೆ ಏಳು ಗಂಟೆಗೆಂದು ಕರಪತ್ರ ಹಂಚಿದೆವು. ಎಂಟೂವರೆಯವರೆಗೆ ಭಾಷಣಗಳೇ ಆದವು. ಅವುಗಳಲ್ಲಿ ನನ್ನದೇ ಎಲ್ಲಕ್ಕೂ ಉದ್ದ. ಶಾಲು ಹೊದಿಸಿದೆವು, ಹಣ್ಣು ಹಂಚಿದೆವು, ಫೋಟೋ ತೆಗೆಸಿಕೊಂಡೆವು. ಗಾಯಕರು ತಂಬೂರಿ ಶ್ರುತಿ ಮಾಡುವ ಹೊತ್ತಿಗೆ ಹಿರಿಯರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಉಳಿದವರಲ್ಲಿ ಒಬ್ಬ ಅಜ್ಜನವರು ಎರಡೂ ಕಿವಿ ಅಂಗೈಯಿಂದ ಮುಚ್ಚಿಕೊಂಡು ಕುಳಿತಿದ್ದರು.

ಮರುದಿನ ಅವರ ಮನೆಗೆ ಹೋದೆ. ಗಿರಣಿಯ ಮಗ್ಗದ ಖಾತೆಯಲ್ಲಿ ಆಯುಷ್ಯ ಕಳೆದವರು ಅವರು. "ಹಾಡು ಚಲೋ ಇರಲಿಲ್ಲವೇ ಅಜ್ಜಾ?" ಎಂದು ಕೇಳಿದೆ.

"ಹಾಡು ಎಲ್ಲಿ ಕೇಳಿಸ್ತು ಮಾಸ್ತರ್ರ? ಬರೇ ಗದ್ದಲ ಕೇಳಿಸ್ತು. ಗಿರಣ್ಯಾಗ ಕೇಳಿದ್ದು ಸಾಲದಾಗಿತ್ತೇನು?" ಎಂದರು.

ನನಗೆ ಮುಖ ಸಣ್ಣದಾಯಿತು. ಮನೆಯಲ್ಲಿ ರೇಡಿಯೋ ಇದೆಯಲ್ಲ, ಮೊಮ್ಮಗನ ಮೊಬೈಲಿನಲ್ಲಿ ಬೇಕಾದ ಹಾಡು ಸಿಗುತ್ತದಲ್ಲ ಎಂದೆ.

"ಅದು ನನಗ ಹಾಡತೈತಿ, ಖರೆ. ನಾ ಹಾಡಿದ್ದು ಅದು ಕೇಳತೈತೇನು?"

ಬಂಧುಗಳೇ, ಅಂದು ನನ್ನ ಬಳಿ ಉತ್ತರವಿರಲಿಲ್ಲ. ಇಂದು ಮಾತಾಡುತ್ತಿರುವುದೆಲ್ಲ ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ಕಿವಿಯ ಮಾತು. ಲಾಳಿಯ ಸಪ್ಪಳದ ನಡುವೆ ವರ್ಷಗಟ್ಟಲೆ ನಿಂತವರ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ವೃದ್ಧಾಪ್ಯವೂ ಆ ಕಡೆಯಿಂದಲೇ ಕಿತ್ತುಕೊಳ್ಳುತ್ತ ಬರುತ್ತದೆ. ಇಂಥ ಕಿವಿಗೆ ಸಣ್ಣ ದನಿ ಕೇಳಿಸುವುದಿಲ್ಲ, ದೊಡ್ಡ ದನಿ ಬಹುಬೇಗ ನೋವು ಕೊಡುತ್ತದೆ. ಧ್ವನಿವರ್ಧಕವನ್ನು ಏರಿಸಿದರೆ ಹಾಡು ತಿಳಿಯಾಗುವುದಿಲ್ಲ, ಪೆಟ್ಟು ಮಾತ್ರ ಹೆಚ್ಚಾಗುತ್ತದೆ. ಆದರೆ ಗದ್ದಲದಲ್ಲಿ ತುಟಿ ನೋಡಿ ಮಾತು ತಿಳಿಯುವ ವಿದ್ಯೆ ಮಗ್ಗದ ಖಾತೆಯವರಿಗೆ ಕೈವಶ. ಹಾಡುವವನು ನಾಲ್ಕು ಮೊಳದ ಅಂತರದಲ್ಲಿ, ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತರೆ, ಕಿವಿಗೆ ಸಿಗದ ಅಕ್ಷರವನ್ನು ಕಣ್ಣು ಹಿಡಿದುಕೊಡುತ್ತದೆ. ಎದುರಿಗಿರುವ ಹಾಡುಗಾರ ನಿಧಾನಿಸಬಲ್ಲ, ಶ್ರುತಿ ಇಳಿಸಬಲ್ಲ, "ಆ ನುಡಿ ಇನ್ನೊಮ್ಮೆ" ಎಂದರೆ ಇನ್ನೊಮ್ಮೆ ಹಾಡಬಲ್ಲ. ಯಂತ್ರವೂ ಅದೇ ನುಡಿಯನ್ನು ಮತ್ತೆ ಹಾಡೀತು. ಆದರೆ ಕೇಳುವವರ ಮುಖ ನೋಡಿ ಹಾಡಲಾರದು.

ಎರಡನೆಯದು, ಯಾವ ಹಾಡು? ನಮಗೆ ಚಲೋ ಎನಿಸಿದ್ದಲ್ಲ, ಅವರ ಪ್ರಾಯದ ಹಾಡು. ಈಗ ಎಂಬತ್ತರ ಆಸುಪಾಸಿನಲ್ಲಿರುವವರು ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿ ಆರಂಭವಾದಾಗ ಕೂಸುಗಳು. ಕಂಪನಿ ನಾಟಕದ ರಂಗಗೀತೆ, ಸಣ್ಣಾಟದ ಪದ, ಗೀಗೀ, ಲಾವಣಿ, ಷರೀಫರ ತತ್ವಪದ, ವಚನ, ಮೊಹರಮ್ಮಿನ ರಿವಾಯತ ಇವುಗಳ ನಡುವೆ ಬೆಳೆದವರು. ಪ್ರಾಯದಲ್ಲಿ ಕಲಿತ ಹಾಡು ಬಹಳ ಆಳಕ್ಕೆ ಇಳಿದಿರುತ್ತದೆ. ಮರೆವಿನ ರೋಗ ಬಂದು ಮಕ್ಕಳ ಹೆಸರು ತಪ್ಪುವವರು ಕೂಡ ಹಳೆಯ ಪಲ್ಲವಿ ಎತ್ತಿದರೆ ದನಿಗೂಡಿಸುವುದುಂಟು. ಹಾಡಿನಿಂದ ಆ ರೋಗ ವಾಸಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬಲೂ ಬೇಡಿ. ಆದರೆ ಆ ಅರ್ಧ ಗಂಟೆ ಆ ಮನುಷ್ಯ ರೋಗಿಯಾಗಿರುವುದಿಲ್ಲ, ಹಾಡುಗಾರನಾಗಿರುತ್ತಾನೆ.

ದನಿ ಬಿದ್ದುಹೋಗಿದೆ ಎಂದು ಹಿರಿಯರು ಸಂಕೋಚಪಡುತ್ತಾರೆ. ಗಂಗೂಬಾಯಿ ಹಾನಗಲ್ಲರು 2006ರಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ, ವೇದಿಕೆಯ ಮೇಲೆ ಹಾಡಿದರು. ಅವರ ವಿದ್ಯೆ ನಮಗೆಲ್ಲಿಯದು, ನಿಜ. ಆದರೆ ವಯಸ್ಸಾದ ಕಂಠ ನಾಚಿಕೊಳ್ಳಬೇಕಾದದ್ದಲ್ಲ ಎಂಬ ಪಾಠ ಎಲ್ಲರಿಗೂ ಸಲ್ಲುತ್ತದೆ. ಪೇಟಿಯ ಶ್ರುತಿಯನ್ನು ಎರಡು ಮನೆ ಕೆಳಗೆ ಹಿಡಿಯುವುದು ನಮ್ಮ ಕೆಲಸ.

ಮೂರನೆಯದು, ಹಾಡುವವರ ಹೊಟ್ಟೆಯ ಮಾತು. ಇದನ್ನು ಗದಗಿನವರಿಗೆ ಹೇಳಬೇಕಾಗಿಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಕಣ್ಮುಚ್ಚುವವರೆಗೂ ಆ ಕೆಲಸ ನಡೆಸಿದರು. ಬೇಡಿ ತಿನ್ನಬೇಕಾಗಿದ್ದ ಕೈಗೆ ದುಡಿದು ತಿನ್ನುವ ವಿದ್ಯೆ ಕೊಟ್ಟ ಊರು ಇದು. ಇಂಥ ಊರಿನಲ್ಲಿ ಪೇಟಿಯವನನ್ನು, ತಬಲಾದವನನ್ನು ಕರೆದು "ಸೇವೆಯೆಂದು ಬಾರಿಸಿ ಹೋಗಪ್ಪ" ಎನ್ನುವುದು ಸರಿಯಲ್ಲ. ದುಡಿತಕ್ಕೆ ಪಗಾರ ಕೇಳುವ ನಾವು ಅವನ ದುಡಿತಕ್ಕೂ ಪಗಾರ ಕೊಡಬೇಕು.

ಹೊರದೇಶದಲ್ಲೂ ಇದನ್ನು ಅರಿತವರಿದ್ದಾರೆ. 1952ರಲ್ಲಿ ನಮ್ಮ ದೇಶಕ್ಕೆ ಬಂದು ಪಿಟೀಲು ನುಡಿಸಿ ಹೋದ ಯೆಹೂದಿ ಮೆನುಹಿನ್ ಅವರು, ಇಯಾನ್ ಸ್ಟೌಟ್ಸ್ಕರ್ ಎಂಬವರೊಡನೆ 1977ರಲ್ಲಿ ಬ್ರಿಟನ್ನಿನಲ್ಲಿ 'ಲೈವ್ ಮ್ಯೂಸಿಕ್ ನೌ' ಎಂಬ ಸಂಸ್ಥೆ ಕಟ್ಟಿದರು. ಸಂಗೀತಸಭೆಗೆ ಬರಲಾರದ ವೃದ್ಧರು, ರೋಗಿಗಳು, ವಿಶೇಷ ಶಾಲೆಯ ಮಕ್ಕಳು ಇದ್ದಲ್ಲಿಗೆ ತರುಣ ಕಲಾವಿದರನ್ನು ಕಳಿಸುವುದು, ಕಳಿಸಿದವರಿಗೆ ಸಂಭಾವನೆ ಕೊಡುವುದು ಅದರ ಕೆಲಸ. ಹೀಗೆ ಮುಪ್ಪಿನವರಿಗೆ ಹಾಡು ಸಿಕ್ಕಿತು, ಪ್ರಾಯದವರಿಗೆ ಕೆಲಸ ಸಿಕ್ಕಿತು.

ಇಲ್ಲಿ ಹಿಂದೆ ಕುಳಿತ ಸಹೋದರರೊಬ್ಬರು ಆಗಲೇ ಕೇಳಿದರು: "ಪಿಂಚಣಿ ಇಲ್ಲದವರಿಗೆ ಪದ ಯಾಕ?" ನ್ಯಾಯವಾದ ಪ್ರಶ್ನೆ. 1995ರ ಕಾರ್ಮಿಕ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ಕನಿಷ್ಠ ಪಿಂಚಣಿಯೆಂದು ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ. ಅದು ಔಷಧಿಗೂ ಸಾಲದು. ಹಾಡು ಕೇಳಿಸಿ ಪಿಂಚಣಿ ಮರೆಸುವುದಾದರೆ ಅದು ಮೋಸ. ಆ ಕೆಲಸಕ್ಕೆ ನಾನು ಬರುವುದಿಲ್ಲ. ಆದರೆ ನಮ್ಮ ತಾಯಂದಿರು ಹೊಟ್ಟೆ ತುಂಬಿದ ಮೇಲೆ ಬೀಸುವ ಪದ ಹಾಡಿದವರಲ್ಲ. ಹಿಟ್ಟು ಇನ್ನೂ ಕಲ್ಲಿನಡಿ ಇರುವಾಗಲೇ ಹಾಡಿದವರು. ಪಿಂಚಣಿಯ ಅರ್ಜಿ ಒಂದು ಕೈಯಲ್ಲಿರಲಿ, ತಾಳ ಇನ್ನೊಂದು ಕೈಯಲ್ಲಿರಲಿ. ತಿಂಗಳಿಗೊಮ್ಮೆ ಒಂದೆಡೆ ಕೂಡಿ ಕುಳಿತವರೇ ನಾಳೆ ಒಂದಾಗಿ ಅರ್ಜಿಯನ್ನೂ ಕೊಟ್ಟಾರು.

ಇನ್ನು ಮಾಡುವ ಬಗೆ. ತಿಂಗಳಿಗೊಂದು ದಿನ, ಹಗಲು ನಾಲ್ಕರಿಂದ ಐದು ಗಂಟೆ. ಸರದಿಯ ಮೇಲೆ ಒಮ್ಮೆ ಗುಡಿಯ ಕಟ್ಟೆ, ಒಮ್ಮೆ ದರ್ಗಾದ ಅಂಗಳ, ಒಮ್ಮೆ ಸಮುದಾಯ ಭವನ. ನೆಲದ ಜಮಖಾನೆ ಬೇಡ, ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು. ಕುಡಿಯುವ ನೀರು, ಹತ್ತಿರದಲ್ಲೇ ಶೌಚದ ಅನುಕೂಲ, ಕೈಹಿಡಿದು ಕರೆತರಲು ಒಬ್ಬ ಹುಡುಗ ಬೇಕು. ಭಾಷಣ ಇಲ್ಲ, ಶಾಲು ಇಲ್ಲ, ಫೋಟೋ ಇಲ್ಲ. ಸಮಯದ ಮೂರರಲ್ಲೊಂದು ಪಾಲು ಹಿರಿಯರೇ ಹಾಡುವುದಕ್ಕೆ. ಹಾಸಿಗೆ ಹಿಡಿದವರ ಮನೆಗೆ ಇಬ್ಬರೇ ಹೋಗಿ ನಾಲ್ಕು ಪದ ಹಾಡಿ ಬರಬೇಕು. ಗಂಡಸರು ಕುಳಿತ ಕಟ್ಟೆಗೆ ಅಜ್ಜಿಯರು ಬರಲಾರರು. ಅವರಿಗೆ ಪ್ರತ್ಯೇಕ ದಿನ, ಒಂದು ಮನೆಯ ಪಡಸಾಲೆ. ಸೋಬಾನೆ, ಬೀಸುವ ಪದಗಳನ್ನು ಶಾಲೆಯ ಮಕ್ಕಳು ಹಾಡಿದವರ ಹೆಸರಿನೊಡನೆ ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ. ಹಣವೆಲ್ಲಿಂದ? ಗಣಪತಿಗೆ ಪ್ರತಿ ವರ್ಷ ಅಂಗಡಿ ಅಂಗಡಿ ಪಟ್ಟಿ ಎತ್ತುತ್ತೇವೆ. ಅದರಲ್ಲಿ ಧ್ವನಿವರ್ಧಕದ ಬಾಡಿಗೆಯನ್ನು ಅರ್ಧ ಮಾಡಿ ಉಳಿದದ್ದನ್ನು ಇದಕ್ಕೆ ತೆಗೆದಿಡೋಣ. ಗಣಪತಿಯೂ ಮುನಿಯಲಾರ, ಅಜ್ಜಂದಿರ ಕಿವಿಯೂ ಉಳಿದೀತು.

ಹೋದ ತಿಂಗಳು ಒಂದು ಪೇಟಿ, ಒಂದು ದಮ್ಮಡಿ ಹಿಡಿದು ಆ ಅಜ್ಜನವರ ಮನೆಗೆ ಮೂವರು ಹೋದೆವು. "ಇನ್ನಷ್ಟು ಇಳಸ್ರಿ" ಎಂದು ಮೂರು ಸಲ ಶ್ರುತಿ ಇಳಿಸಿದರು. ಒಂದು ಭಜನೆಯ ಎರಡು ನುಡಿ ಹಾಡಿದರು, ಮೂರನೆಯದು ನೆನಪಿಗೆ ಬರಲಿಲ್ಲ. ಒಲೆಯ ಮುಂದೆ ಕುಳಿತಿದ್ದ ಅಜ್ಜಿ ಅಲ್ಲಿಂದಲೇ ಆ ನುಡಿ ಎತ್ತಿಕೊಟ್ಟರು. ಆಕೆಗೆ ಆ ಪದ ಬರುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಜ್ಜನವರಿಗೂ.

ಬಂಧುಗಳೇ, ಇಂಥ ಎಷ್ಟು ಪದಗಳು ನಮ್ಮ ಅಡಿಗೆಮನೆಗಳಲ್ಲಿ ಮೌನವಾಗಿ ಕುಳಿತಿವೆಯೋ! ನನ್ನ ಮಾತು ಮುಗಿಯಿತು. ಕುರ್ಚಿ ಯಾರು ತರುತ್ತೀರಿ, ಚಹಾ ಯಾರು ಕೊಡುತ್ತೀರಿ, ಪೇಟಿ ಯಾರು ಹೊರುತ್ತೀರಿ, ಏಳುವ ಮೊದಲು ಇಲ್ಲಿಯೇ ಹೆಸರು ಬರೆಸಿ ಹೋಗಿ.